ಕೊಳೆನೀರಿಗೆ ನೆಲ ಯೋಗ್ಯವೇ? ತೋಡಿ, ನೆನೆಸಿ, ಅಳೆದು ನೋಡಿ

ಮಣ್ಣು ಪರೀಕ್ಷೆ ರೈತರಿಗೆ ಹೊಸದಲ್ಲ. ಹೊಲದ ಹತ್ತಾರು ಕಡೆ ಗುಂಡಿ ತೆಗೆದು, ಮಣ್ಣನ್ನು ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಕೊನೆಗೆ ಅರ್ಧ ಕಿಲೋ ಮಣ್ಣನ್ನು ಬಟ್ಟೆಯ ಚೀಲಕ್ಕೆ ತುಂಬಿ ಪ್ರಯೋಗಶಾಲೆಗೆ ಕೊಟ್ಟರೆ ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್‌ಗಳ ಪ್ರಮಾಣ ತಿಳಿಯುತ್ತದೆ. ಆದರೆ ಮನೆಯ ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ಅದೇ ನೆಲ ಹೀರಿಕೊಂಡು ಶುದ್ಧಮಾಡಬಲ್ಲದೇ ಎಂಬ ಪ್ರಶ್ನೆಗೆ ಆ ಚೀಲದ ಮಣ್ಣು ಉತ್ತರ ಹೇಳುವುದಿಲ್ಲ. ನೀರು ಇಂಗುವುದು ಮಣ್ಣಿನ ಕಣಗಳ ನಡುವಿನ ಸಂದುಗಳ ಮೂಲಕ. ಗುದ್ದಲಿಯಿಂದ ಎತ್ತಿ ಪುಡಿಮಾಡಿದ ಮಣ್ಣಿನಲ್ಲಿ ಆ ಸಂದುಗಳು ಮೊದಲಿದ್ದಂತೆ ಉಳಿದಿರುವುದಿಲ್ಲ. ಆದಕಾರಣ ಈ ಪರೀಕ್ಷೆಯನ್ನು ನೆಲದಲ್ಲಿಯೇ, ನೀರು ಬಿಡಬೇಕಾದ ಜಾಗದಲ್ಲಿಯೇ, ಬಿಡಬೇಕಾದ ಆಳದಲ್ಲಿಯೇ ಮಾಡಬೇಕಾಗುತ್ತದೆ. ಖರ್ಚು ಬಹಳವಿಲ್ಲ. ಹಾರೆ, ಗುದ್ದಲಿ, ಒಂದು ಅಳತೆಪಟ್ಟಿ, ಗಡಿಯಾರ, ನಾಲ್ಕಾರು ಬಿಂದಿಗೆ ನೀರು ಮತ್ತು ಎರಡು ದಿನಗಳ ತಾಳ್ಮೆ ಇದ್ದರೆ ಸಾಕು.

ಈ ವಿಷಯಕ್ಕೆ ಬೆಂಗಳೂರಿನ ಪೂರ್ವಕ್ಕಿರುವ ಹೊರಮಾವು ಒಳ್ಳೆಯ ಉದಾಹರಣೆ. ಕೃಷ್ಣರಾಜಪುರ ಹೋಬಳಿಯ ಈ ಊರು ಹೊರವರ್ತುಲ ರಸ್ತೆಯ ಅಂಚಿನಲ್ಲಿದೆ. ಹೆಬ್ಬಾಳ ಮತ್ತು ನಾಗವಾರದ ಕಡೆಯಿಂದ ಹರಿದು ಬರುವ ಕಣಿವೆಯ ನೀರು ಇಲ್ಲಿಗೆ ಸಮೀಪದ ಕಲ್ಕೆರೆ, ರಾಂಪುರ ಕೆರೆಗಳನ್ನು ಹಾದು ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಇಳಿದು ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹೆಸರಿನಲ್ಲಿ ಮಾವು ಉಳಿದಿದೆ, ನೆಲದ ಮೇಲೆ ಹೆಚ್ಚಾಗಿ ಕಾಣುವುದು ಮನೆಗಳು. ಊರು ಪಾಲಿಕೆಯ ವ್ಯಾಪ್ತಿಗೆ ಬಂದದ್ದರಿಂದ ಎಲ್ಲ ಬೀದಿಗೂ ಒಳಚರಂಡಿ ಒಮ್ಮೆಗೇ ಬರಲಿಲ್ಲ. ನಗರದ ಅಂಚಿನ ಎಲ್ಲ ಊರುಗಳಲ್ಲಿಯೂ ನಡೆದಂತೆ ಇಲ್ಲಿಯೂ ಮನೆ ಮೊದಲು ಎದ್ದಿತು, ಅದರ ಹಿಂದೆ ಕೊಳವೆ ಬಾವಿ, ಅದರ ಪಕ್ಕದಲ್ಲಿ ಸೆಪ್ಟಿಕ್ ಟ್ಯಾಂಕು ಮತ್ತು ಇಂಗುಗುಂಡಿ. ಹೊಸಕೋಟೆ, ದೇವನಹಳ್ಳಿ, ಮಾಲೂರು ಕಡೆ ತೋಟದ ಮನೆ ಕಟ್ಟುವ ರೈತರಿಗೂ ಇದೇ ಪ್ರಶ್ನೆ ಎದುರಾಗುತ್ತದೆ, ಏಕೆಂದರೆ ಮಣ್ಣು ಬಹುಮಟ್ಟಿಗೆ ಒಂದೇ ಜಾತಿಯದು.

ಟ್ಯಾಂಕು ಮಾಡುವುದು ಅರ್ಧ ಕೆಲಸ

ಸೆಪ್ಟಿಕ್ ಟ್ಯಾಂಕು ಕಟ್ಟಿಸಿದರೆ ಕೊಳೆನೀರು ಶುದ್ಧವಾಯಿತು ಎಂಬ ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಟ್ಯಾಂಕಿನಲ್ಲಿ ಗಟ್ಟಿ ಪದಾರ್ಥ ತಳಕ್ಕಿಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ತಳದ ಗಸಿಯನ್ನು ಸ್ವಲ್ಪಮಟ್ಟಿಗೆ ಕರಗಿಸುತ್ತವೆ. ನಡುವಿನ ನೀರು ಕೊಳವೆಯ ಮೂಲಕ ಹೊರಬರುತ್ತದೆ. ಈ ನೀರು ನೋಡಲು ತಿಳಿಯಾಗಿದ್ದರೂ ಕಾಲರಾ, ಟೈಫಾಯಿಡ್, ಕಾಮಾಲೆ, ಜಂತುಹುಳುಗಳ ಬೀಜವನ್ನು ಹೊತ್ತು ತರಬಲ್ಲದು. ಉಳಿದರ್ಧ ಕೆಲಸವನ್ನು ಮಾಡಬೇಕಾದದ್ದು ಮಣ್ಣು.

ಮಣ್ಣು ಈ ಕೆಲಸ ಮಾಡಬೇಕಾದರೆ ಅದರಲ್ಲಿ ನೀರಿನ ಜೊತೆಗೆ ಗಾಳಿಯೂ ಇರಬೇಕು. ಗಾಳಿಯಾಡುವ ಸುಮಾರು 1 ಮೀಟರು ದಪ್ಪದ ಒಳ್ಳೆಯ ಮಣ್ಣಿನ ಮೂಲಕ ನೀರು ನಿಧಾನವಾಗಿ ಇಳಿದರೆ ರೋಗಾಣುಗಳಲ್ಲಿ ಬಹುಪಾಲು ಅಲ್ಲಿಯೇ ಸಿಕ್ಕಿಬಿದ್ದು ಸಾಯುತ್ತವೆ. ಕೆಂಪು ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದುಕೊಳ್ಳುತ್ತವೆ. ರಾಗಿಗೆ ಹಾಕಿದ ಸೂಪರ್ ಫಾಸ್ಫೇಟ್ ಮಣ್ಣಿನಲ್ಲಿಯೇ ಕಟ್ಟಿಬೀಳುವುದು ರೈತನಿಗೆ ನಷ್ಟ, ಇಲ್ಲಿ ಅದೇ ಗುಣ ಉಪಕಾರಿ. ಸಾರಜನಕದ ವಿಷಯ ಮಾತ್ರ ಹಾಗಲ್ಲ. ಅಮೋನಿಯ ರೂಪದಲ್ಲಿ ಬಂದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ, ನೈಟ್ರೇಟನ್ನು ಮಣ್ಣು ಹಿಡಿದಿಡುವುದಿಲ್ಲ, ಅದು ನೀರಿನೊಡನೆ ಕೆಳಗಿಳಿಯುತ್ತದೆ.

ಆದ್ದರಿಂದ ಯೋಗ್ಯವಾದ ನೆಲವೆಂದರೆ ನೀರನ್ನು ಬೇಗ ಹೀರುವ ನೆಲವೆಂದು ತಿಳಿಯಬಾರದು. ಗುಂಡಿ ತೋಡುವವರು "ಎಷ್ಟು ಬಿಟ್ಟರೂ ಕುಡಿಯುತ್ತೆ" ಎಂದು ಹೊಗಳುವ ನೆಲವೇ ಕೆಲವು ಸಲ ಅತ್ಯಂತ ಅಪಾಯಕಾರಿ. ತೀರ ನಿಧಾನವಾಗಿ ಇಂಗಿದರೆ ಕೊಳೆನೀರು ಮೇಲೆ ಉಕ್ಕುತ್ತದೆ, ಅದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ. ತೀರ ಬೇಗ ಇಂಗಿದರೆ ಏನೂ ಕಾಣುವುದಿಲ್ಲ. ಅದು ಬಾವಿಯಲ್ಲಿ ಬಂದು ಸೇರುತ್ತದೆ.

ಕೆಂಪು ನೆಲದ ಒಳಗೆ ಏನಿದೆ?

ಹೊರಮಾವಿನ ಸುತ್ತಿನ ನೆಲಕ್ಕೆ ತಳಹದಿ ನೈಸ್ ಎಂಬ ಹಳೆಯ ಗಟ್ಟಿ ಶಿಲೆ. ಅದು ಶಿಥಿಲವಾಗಿ ಆದದ್ದೇ ಇಲ್ಲಿಯ ಕೆಂಪು ಮಣ್ಣು. ಮೇಲ್ಪದರ ಮರಳುಮಿಶ್ರಿತ ಗೋಡು. ಇದು ನೀರನ್ನು ಚೆನ್ನಾಗಿ ಹೀರುತ್ತದೆ. ಅದರ ಕೆಳಗೆ, ಮಳೆನೀರಿನೊಡನೆ ಜೇಡಿಕಣಗಳು ಇಳಿದು ಸೇರಿಕೊಂಡ ಹೆಚ್ಚು ಕೆಂಪಾದ, ಬಿಗಿಯಾದ ಪದರ. ಇಲ್ಲಿ ನೀರು ತಡೆಯುತ್ತದೆ. ಇನ್ನೂ ಕೆಳಗೆ ಗರಸು ಮತ್ತು ಕೈಯಲ್ಲಿ ಪುಡಿಯಾಗುವ ಕೊಳೆತ ಕಲ್ಲು, ಕೊನೆಗೆ ಬಿರುಕುಬಿಟ್ಟ ಬಂಡೆ. ಈ ಪದರಗಳ ದಪ್ಪ ಒಂದು ಹೊಲದಿಂದ ಇನ್ನೊಂದಕ್ಕೆ, ದಿಣ್ಣೆಯಿಂದ ತಗ್ಗಿಗೆ ಬದಲಾಗುತ್ತದೆ. ಕೊಳವೆ ಬಾವಿಗಳಿಗೆ ನೀರು ಸಿಗುವುದು ಕೊಳೆತ ಕಲ್ಲಿನಿಂದ ಮತ್ತು ಬಂಡೆಯ ಬಿರುಕುಗಳಿಂದ. ಬಿರುಕಿನಲ್ಲಿ ಸೋಸುವ ಮಣ್ಣಿಲ್ಲ. ಅಲ್ಲಿಗೆ ಇಳಿದ ಕೊಳೆನೀರು ಎತ್ತ ಹೋಗುತ್ತದೆ, ಎಷ್ಟು ದೂರ ಹೋಗುತ್ತದೆ ಎಂದು ಮೇಲೆ ನಿಂತು ಯಾರೂ ಹೇಳಲಾರರು.

ಇದರಿಂದ ಎರಡು ಅಂಶ ಸ್ಪಷ್ಟವಾಗುತ್ತವೆ. ಮೇಲಿನ ಒಂದಡಿ ಮಣ್ಣಿನಲ್ಲಿ ನೀರು ಸುರಿದು ನೋಡಿ "ಇಂಗುತ್ತದೆ" ಎಂದು ತೀರ್ಮಾನಿಸಿದರೆ ಉಪಯೋಗವಿಲ್ಲ, ಕೆಳಗಿನ ಜೇಡಿಪದರ ಬೇರೆಯೇ ಹೇಳುತ್ತದೆ. ಇನ್ನು ಆ ಜೇಡಿಪದರ ನೀರು ಬಿಡುವುದಿಲ್ಲವೆಂದು ಅದನ್ನು ಕೊರೆದು ಇಪ್ಪತ್ತಡಿ ಆಳದ ಗುಂಡಿಯನ್ನು ಗರಸಿಗೆ ಇಳಿಸಿದರೆ, ಶುದ್ಧಮಾಡುವ ಪದರವನ್ನೇ ದಾಟಿ ಕೊಳೆಯನ್ನು ಅಂತರ್ಜಲದ ಬಾಗಿಲಿಗೆ ಮುಟ್ಟಿಸಿದಂತಾಗುತ್ತದೆ. ಗುಂಡಿ ಕಟ್ಟಿಕೊಂಡಾಗ ಇನ್ನಷ್ಟು ಆಳ ತೋಡಿಸುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ನೀರು ಹಾಕುವ ಮೊದಲು ನೋಡಬೇಕಾದದ್ದು

ಆಯ್ದ ಜಾಗದಲ್ಲಿ ಒಬ್ಬ ಆಳು ಇಳಿಯುವಷ್ಟು ಅಗಲದ, ಸುಮಾರು 2 ಮೀಟರು ಆಳದ ಗುಂಡಿ ತೆಗೆದು ಗೋಡೆಯನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಗೋಡೆ ಕುಸಿಯುವಂತಿದ್ದರೆ ಒಳಗಿಳಿಯದೆ ಮೇಲಿನಿಂದಲೇ ನೋಡುವುದು ಕ್ಷೇಮ. ಮಣ್ಣು ಒಂದೇ ಸಮನೆ ಕೆಂಪಾಗಿದ್ದರೆ ಅಲ್ಲಿ ವರ್ಷವಿಡೀ ಗಾಳಿಯಾಡುತ್ತದೆ ಎಂದರ್ಥ. ಕೆಂಪಿನ ನಡುವೆ ಬೂದು ಅಥವಾ ಹಳದಿ ಮಚ್ಚೆಗಳು ಕಂಡರೆ ಮಳೆಗಾಲದಲ್ಲಿ ಆ ಮಟ್ಟದವರೆಗೆ ನೀರು ನಿಲ್ಲುತ್ತದೆ. ಏಪ್ರಿಲ್ ತಿಂಗಳಲ್ಲಿ ತೋಡಿದರೂ ಈ ಗುರುತು ಅಳಿಸಿರುವುದಿಲ್ಲ. ಬೇಸಿಗೆಯಲ್ಲಿ ನಿವೇಶನ ನೋಡಿ ಕೊಳ್ಳುವವರಿಗೆ ಇಷ್ಟು ತಿಳಿದಿದ್ದರೂ ಎಷ್ಟೋ ಅನುಕೂಲ.

ಪ್ರತಿ ಪದರದಿಂದ ಒಂದು ಹಿಡಿ ಮಣ್ಣು ತೆಗೆದು, ಕಲ್ಲು ಆರಿಸಿ, ಚಕ್ಕುಲಿ ಹಿಟ್ಟಿನಂತೆ ನಾದಿ ಬತ್ತಿ ಹೊಸೆಯಬೇಕು. ಬತ್ತಿ ನಿಲ್ಲದೆ ಉದುರಿದರೆ ಮರಳು ಹೆಚ್ಚು. ಬತ್ತಿಯಾಗಿ, ಬಗ್ಗಿಸಿದಾಗ ಒಡೆದರೆ ಗೋಡು. ಬಿರುಕಿಲ್ಲದೆ ಬಳೆಯಂತೆ ಬಗ್ಗಿದರೆ ಜೇಡಿ, ಅಲ್ಲಿ ಇಂಗುವಿಕೆ ನಿಧಾನ.

ಗುಂಡಿಯಲ್ಲಿ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಗಾರೆ ಕಂಡರೆ ಅದು ತುಂಬಿಸಿದ ನೆಲ. ಹಳೆಯ ಗದ್ದೆಬಯಲು ಮತ್ತು ಕಾಲುವೆಯ ಪಕ್ಕದ ತಗ್ಗುಗಳನ್ನು ಕಟ್ಟಡದ ಕಸದಿಂದ ತುಂಬಿಸಿ ನಿವೇಶನ ಮಾಡುವುದು ನಗರದ ಅಂಚಿನಲ್ಲಿ ಸಾಮಾನ್ಯ. ಇಂಥ ನೆಲದಲ್ಲಿ ಪರೀಕ್ಷೆಯ ಫಲಿತಾಂಶ ಎಷ್ಟೇ ಚೆನ್ನಾಗಿ ಬಂದರೂ ನಂಬಬಾರದು.

ಇಂಗುವಿಕೆಯ ಪರೀಕ್ಷೆ

ಈ ಪರೀಕ್ಷೆಯನ್ನು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹೆನ್ರಿ ರಯಾನ್ ಎಂಬ ಎಂಜಿನಿಯರು 1920ರ ದಶಕದಲ್ಲಿ ರೂಪಿಸಿದರು. ನಮ್ಮಲ್ಲಿ ಇದರ ಕ್ರಮವನ್ನು ಭಾರತೀಯ ಮಾನಕಗಳ ಐ.ಎಸ್. 2470 ಸಂಹಿತೆಯ ಎರಡನೆಯ ಭಾಗ (1985) ವಿಧಿಸಿದೆ.

ಇಂಗುಕಾಲುವೆ ಅಥವಾ ಇಂಗುಗುಂಡಿ ಬರಬೇಕಾದ ಆಳದವರೆಗೆ 10ರಿಂದ 30 ಸೆಂ.ಮೀ. ಅಗಲದ, ನೆಟ್ಟಗಿನ ಗೋಡೆಯ ಗುಂಡಿ ತೋಡಬೇಕು. ಹಾರೆ, ಸನಿಕೆ ತಾಗಿದ ಕಡೆ ಗೋಡೆ ಮೆತ್ತಿದಂತೆ ನುಣುಪಾಗಿ ಸಂದುಗಳು ಮುಚ್ಚಿಹೋಗಿರುತ್ತವೆ. ಆದ್ದರಿಂದ ಚೂಪಾದ ಕಡ್ಡಿಯಿಂದ ಬದಿಗಳನ್ನೂ ತಳವನ್ನೂ ಕೆರೆದು ಒರಟುಮಾಡಿ, ಬಿದ್ದ ಪುಡಿಯನ್ನೆಲ್ಲ ತೆಗೆಯಬೇಕು. ಇದನ್ನು ಬಿಟ್ಟರೆ ಒಳ್ಳೆಯ ನೆಲವೂ ಕೆಟ್ಟದ್ದೆಂದು ತೋರುತ್ತದೆ. ತಳಕ್ಕೆ 5 ಸೆಂ.ಮೀ. ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಹಾಕಿ, ಅದರ ಮೇಲೆ ಕನಿಷ್ಠ 30 ಸೆಂ.ಮೀ. ನಿಲ್ಲುವಂತೆ ನೀರನ್ನು ಮೆಲ್ಲಗೆ ತುಂಬಿ, ರಾತ್ರಿಯಿಡೀ ನೆನೆಯಲು ಬಿಡಬೇಕು.

ನೆನೆಸುವುದೇಕೆ? ಒಣಮಣ್ಣು ಬಾಯಾರಿದ ಎತ್ತಿನಂತೆ ಮೊದಲು ಒಮ್ಮೆಗೇ ಹೀರುತ್ತದೆ. ಜೇಡಿಯುಳ್ಳ ಮಣ್ಣು ನೆನೆದ ಮೇಲೆ ಉಬ್ಬಿ ಸಂದುಗಳನ್ನು ಕಿರಿದುಮಾಡುತ್ತದೆ. ಧಾರವಾಡ, ರಾಯಚೂರು ಕಡೆಯ ಎರೆಭೂಮಿಯಲ್ಲಿ ಇದು ಇನ್ನೂ ತೀವ್ರ: ಬೇಸಿಗೆಯಲ್ಲಿ ಕೊಡಗಟ್ಟಲೆ ನೀರು ನುಂಗುವ ಬಿರುಕುಗಳು ಒಂದು ಮಳೆ ಬಿದ್ದರೆ ಮುಚ್ಚಿಕೊಳ್ಳುತ್ತವೆ. ಇಂಗುಗುಂಡಿಯ ಸುತ್ತ ಮಣ್ಣು ಸದಾ ಒದ್ದೆಯಾಗಿಯೇ ಇರುವುದರಿಂದ ಒದ್ದೆಮಣ್ಣಿನ ಗುಣವನ್ನೇ ಅಳೆಯಬೇಕು.

ಮರುದಿನ ಗುಂಡಿಯಲ್ಲಿ ನೀರು ಉಳಿದಿದ್ದರೆ ಜಲ್ಲಿಯ ಮೇಲೆ 15 ಸೆಂ.ಮೀ. ಇರುವಂತೆ ಸರಿಮಾಡಿ, 30 ನಿಮಿಷಗಳಲ್ಲಿ ಎಷ್ಟು ಇಳಿಯಿತೆಂದು ಅಳೆಯಬೇಕು. ನೀರು ಪೂರ್ತಿ ಇಂಗಿಹೋಗಿದ್ದರೆ ಮತ್ತೆ 15 ಸೆಂ.ಮೀ. ತುಂಬಿ, 30 ನಿಮಿಷಕ್ಕೊಮ್ಮೆ ಇಳಿತ ಬರೆದುಕೊಂಡು ಪುನಃ ತುಂಬುತ್ತ, 4 ಗಂಟೆ ಕಾಲ ಮುಂದುವರಿಸಬೇಕು. ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೊನೆಯ 30 ನಿಮಿಷಗಳ ಇಳಿತವನ್ನು ಮಾತ್ರ. ಮರಳು ನೆಲದಲ್ಲಿ ಆ 15 ಸೆಂ.ಮೀ. ನೀರು ಅರ್ಧ ಗಂಟೆಯೊಳಗೇ ಮಾಯವಾದರೆ 10 ನಿಮಿಷಕ್ಕೊಮ್ಮೆ ಅಳೆದು ಒಂದು ಗಂಟೆಗೆ ನಿಲ್ಲಿಸಿ, ಕೊನೆಯ 10 ನಿಮಿಷದ್ದನ್ನು ಹಿಡಿಯಬೇಕು. ಅಳೆಯಲು ಗುಂಡಿಯ ಬಾಯಿಗೆ ಅಡ್ಡಲಾಗಿ ಒಂದು ಪಟ್ಟಿ ಇಟ್ಟು, ಪ್ರತಿಸಲವೂ ಅದರ ಒಂದೇ ಗುರುತಿನಿಂದ ಅಳತೆಪಟ್ಟಿ ಇಳಿಸುವುದು ಸುಲಭ.

ನೀರು 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಬೇಕೋ ಅದೇ ಇಂಗುವಿಕೆಯ ದರ. 30 ನಿಮಿಷಗಳಲ್ಲಿ 50 ಮಿ.ಮೀ. ಇಳಿದರೆ ದರ 15 ನಿಮಿಷ. ಅಂಕಿ ಹೆಚ್ಚಾದಷ್ಟೂ ನೆಲ ನಿಧಾನವೆಂಬುದನ್ನು ನೆನಪಿಡಬೇಕು, ಇದು ಹೊಸಬರಿಗೆ ತಿರುಗುಮುರುಗಾಗಿ ತೋರುತ್ತದೆ. ಒಂದೇ ಗುಂಡಿಯನ್ನು ನಂಬದೆ ಜಾಗದ ಮೂರು ನಾಲ್ಕು ಕಡೆ ತೋಡಬೇಕು. ಕೆಂಪು ನೆಲದಲ್ಲಿ ಗೆದ್ದಲಿನ ಸುರಂಗ, ಇಲಿಬಿಲ, ಸತ್ತ ನೀಲಗಿರಿ ಬೇರಿನ ಜಾಡು ಸಿಕ್ಕರೆ ಆ ಒಂದು ಗುಂಡಿಯಲ್ಲಿ ನೀರು ಸರ್ರನೆ ಇಳಿದು ಮೋಸಮಾಡುತ್ತದೆ.

ಅಂಕಿಯನ್ನು ಓದುವ ಬಗೆ

ಸಂಹಿತೆಯ ಪ್ರಕಾರ ದರ 30 ನಿಮಿಷ ಮೀರದಿದ್ದರೆ ಇಂಗುಗುಂಡಿ ಅಥವಾ ಇಂಗುಕಾಲುವೆ ಎರಡೂ ನಡೆಯುತ್ತವೆ. 30ರಿಂದ 60 ನಿಮಿಷವಾದರೆ ಇಂಗುಕಾಲುವೆ ಮಾತ್ರ. 60 ನಿಮಿಷ ಮೀರಿದರೆ ನೆಲವನ್ನು ನಂಬದೆ ಸೋಸುವ ಬೇರೆ ಏರ್ಪಾಡು ಮಾಡಬೇಕು. ಇನ್ನೊಂದು ತುದಿಯಲ್ಲಿ, ಎಲ್ಲ ಗುಂಡಿಗಳಲ್ಲಿಯೂ 25 ಮಿ.ಮೀ. ನೀರು 1 ನಿಮಿಷದೊಳಗೆ ಇಳಿದರೆ ಸಂತೋಷಪಡುವ ಬದಲು ಅನುಮಾನಿಸಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಥ ನೆಲವನ್ನು ಅಯೋಗ್ಯವೆಂದೇ ಪರಿಗಣಿಸುತ್ತಾರೆ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ, ತೆರೆದ ಬಾವಿಗಳು ಹತ್ತಿರ ಹತ್ತಿರ ಇರುವ ಊರುಗಳಲ್ಲಿ, ಈ ಎಚ್ಚರಿಕೆ ಹೆಚ್ಚು ಅಗತ್ಯ.

ದರ ತಿಳಿದ ಮೇಲೆ ಪ್ರತಿ ಚದರ ಮೀಟರಿಗೆ ದಿನಕ್ಕೆ ಎಷ್ಟು ಲೀಟರು ಬಿಡಬಹುದೆಂಬ ಲೆಕ್ಕ. 204ನ್ನು ದರದ ವರ್ಗಮೂಲದಿಂದ ಭಾಗಿಸಿದರೆ ಅದು ಸಿಗುತ್ತದೆ. 10 ನಿಮಿಷದ ನೆಲಕ್ಕೆ ಸುಮಾರು 65 ಲೀಟರು, 15ಕ್ಕೆ 52, 30ಕ್ಕೆ 37, 60ಕ್ಕೆ 26. ಇಷ್ಟು ಕಡಿಮೆಯೇಕೆ ಎಂದು ಆಶ್ಚರ್ಯವಾಗಬಹುದು. 25 ಮಿ.ಮೀ.ಗೆ 15 ನಿಮಿಷವೆಂದರೆ ದಿನಕ್ಕೆ 2400 ಮಿ.ಮೀ., ಅಂದರೆ ಚದರ ಮೀಟರಿಗೆ 2400 ಲೀಟರು. ಬಿಡಬಹುದೆಂದು ಹೇಳುವುದು 52 ಮಾತ್ರ. ಕಾರಣವಿಷ್ಟೆ: ಪರೀಕ್ಷೆ ಮಾಡುವುದು ತಿಳಿನೀರಿನಿಂದ, ಮುಂದೆ ಬಿಡುವುದು ಕೊಳೆನೀರನ್ನು. ಕೆಲವು ತಿಂಗಳಲ್ಲಿ ಮಣ್ಣಿನ ಮೈಮೇಲೆ ಸೂಕ್ಷ್ಮಜೀವಿಗಳ ಕಪ್ಪನೆಯ ಜಿಗಟು ಪದರ ಬೆಳೆದು ಇಂಗುವಿಕೆಯನ್ನು ಬಹಳ ತಗ್ಗಿಸುತ್ತದೆ. ಈ ಪದರ ರೋಗಾಣುಗಳನ್ನು ಸೋಸುವುದರಿಂದ ಅದು ಬೇಕಾದದ್ದೇ, ಆದರೆ ಅದಕ್ಕೆ ತಕ್ಕಷ್ಟು ವಿಸ್ತಾರ ಕೊಟ್ಟಿರಬೇಕು.

ಆರು ಜನರ ಮನೆಯಲ್ಲಿ ತಲೆಗೆ 100 ಲೀಟರಿನಂತೆ ದಿನಕ್ಕೆ 600 ಲೀಟರು ನೀರು ಬರುತ್ತದೆಂದುಕೊಳ್ಳೋಣ. 15 ನಿಮಿಷದ ನೆಲದಲ್ಲಿ ಸುಮಾರು 11.5 ಚದರ ಮೀಟರು ಬೇಕು. ಕಾಲುವೆಯಾದರೆ ತಳದ ವಿಸ್ತೀರ್ಣವನ್ನು ಮಾತ್ರ ಲೆಕ್ಕಿಸಬೇಕು: 60 ಸೆಂ.ಮೀ. ಅಗಲದ ಕಾಲುವೆ ಸುಮಾರು 19 ಮೀಟರು, ಅಂದರೆ 10 ಮೀಟರಿನ ಎರಡು, ನಡುವೆ ಸುಮಾರು 2 ಮೀಟರು ಬಿಟ್ಟು. ಗುಂಡಿಯಾದರೆ ಕೊಳವೆಯ ಬಾಯಿಯಿಂದ ಕೆಳಗಿನ ಪಕ್ಕದ ಗೋಡೆಯನ್ನು ಲೆಕ್ಕಿಸಬೇಕು: 1.5 ಮೀಟರು ವ್ಯಾಸದ ಗುಂಡಿ ಸುಮಾರು 2.5 ಮೀಟರು ಆಳ. ಅದೇ ಮನೆ 60 ನಿಮಿಷದ ನೆಲದಲ್ಲಿದ್ದರೆ ಕಾಲುವೆಯ ಉದ್ದ ಎರಡರಷ್ಟಾಗಿ 38 ಮೀಟರು ಮುಟ್ಟುತ್ತದೆ.

ಬಾವಿಯಿಂದ ದೂರ

ಇಂಗುಗುಂಡಿಯಾಗಲಿ ಕಾಲುವೆಯಾಗಲಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರು, ವಾಸದ ಮನೆಯಿಂದ ಕನಿಷ್ಠ 6 ಮೀಟರು ದೂರವಿರಬೇಕು. ಈ ಅಂಕಿಯನ್ನು ಹೊರಮಾವಿನಲ್ಲಿ ಎಲ್ಲೆಲ್ಲೂ ಕಾಣುವ 30-40 ಅಡಿ ನಿವೇಶನಕ್ಕೆ ಹೊಂದಿಸಿ ನೋಡಬೇಕು. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ 50 ಅಡಿ, ಅಂದರೆ 15 ಮೀಟರಿಗೆ ತುಸು ಹೆಚ್ಚು. ಬಾವಿಯನ್ನು ಒಂದು ಮೂಲೆಗೂ ಗುಂಡಿಯನ್ನು ಎದುರು ಮೂಲೆಗೂ ಒತ್ತಿದರೂ 18 ಮೀಟರು ದೊರೆಯುವುದಿಲ್ಲ. ಪಕ್ಕದ ಮನೆಯ ಬಾವಿ, ಹಿಂದಿನ ಮನೆಯ ಗುಂಡಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅಂಥ ನಿವೇಶನದಲ್ಲಿ ಮಣ್ಣು ಎಷ್ಟೇ ಯೋಗ್ಯವಾಗಿದ್ದರೂ ಇಂಗುಗುಂಡಿ ಮತ್ತು ಕುಡಿಯುವ ಬಾವಿ ಒಟ್ಟಿಗೆ ಇರಲಾರವು. ನಿವೇಶನ ಮಾರಾಟಕ್ಕೆ ಜಮೀನು ಬಿಡುವ ರೈತರೂ ಇದನ್ನು ತಿಳಿದಿರುವುದು ಒಳ್ಳೆಯದು, ಅವರ ಉಳಿದ ತೋಟದ ಬಾವಿಗೂ ಅದೇ ನೀರು ಬರುತ್ತದೆ.

ಬಂಡೆಯ ಬಿರುಕು ಹತ್ತಿರವಿದ್ದಲ್ಲಿ 18 ಮೀಟರೂ ಭರವಸೆಯಲ್ಲ. ಕೊಳವೆ ಬಾವಿಯ ಕೇಸಿಂಗ್ ಪೈಪು ಗಟ್ಟಿ ಬಂಡೆಯವರೆಗೆ ಇಳಿದು, ಅದರ ಹೊರಗಿನ ಸಂದು ಸಿಮೆಂಟಿನಿಂದ ಮುಚ್ಚಿರಬೇಕು. ಬತ್ತಿದ ಕೊಳವೆ ಬಾವಿಗೋ ಹಳೆಯ ತೆರೆದ ಬಾವಿಗೋ ಸೆಪ್ಟಿಕ್ ಟ್ಯಾಂಕಿನ ನೀರು ತಿರುಗಿಸುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಅದು ಊರಿನ ನೀರಿಗೆ ನೇರವಾಗಿ ಮಲ ಬೆರೆಸಿದಂತೆ.

ಕಾಲ ಮತ್ತು ಅಂತರ್ಜಲ

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಪರೀಕ್ಷೆಗೆ ಮಳೆಗಾಲದ ಕೊನೆಯೇ ಯೋಗ್ಯ ಸಮಯ. ಆಗ ನೆಲದಡಿಯ ನೀರಿನ ಮಟ್ಟ ಮೇಲಿರುತ್ತದೆ. ಅದು ನೆಲದಿಂದ 1.8 ಮೀಟರಿನೊಳಗೆ ಬಂದರೆ ಸಾಧಾರಣ ಇಂಗುಕಾಲುವೆ ನಡೆಯದು, ಮಣ್ಣು ಪೇರಿಸಿ ದಿಬ್ಬದ ಮೇಲೆ ಮಾಡಬೇಕು. ತಗ್ಗು ಪ್ರದೇಶಕ್ಕೆ ದಿಬ್ಬವೂ ಉತ್ತರವಲ್ಲ. ಹೊರಮಾವಿನ ಸಾಯಿ ಲೇಔಟ್ 2025ರ ಮೇ ತಿಂಗಳ ಮಳೆಯಲ್ಲಿ ಜಲಾವೃತವಾಯಿತು. ಅಂಥ ಕಡೆ ನೆರೆಯ ನೀರು ಇಂಗುಗುಂಡಿಯ ಒಳಗೂ ನೆಲದೊಳಗಿನ ಸಂಪಿನೊಳಗೂ ಒಮ್ಮೆಗೇ ನುಗ್ಗುತ್ತದೆ, ಇಂಗುವಿಕೆಯ ದರಕ್ಕೆ ಆಗ ಅರ್ಥವಿಲ್ಲ.

ನೆಲ ಒಪ್ಪದಿದ್ದರೆ

ಬೀದಿಗೆ ಒಳಚರಂಡಿ ಬಂದಿದ್ದರೆ ತಡಮಾಡದೆ ಅದಕ್ಕೆ ಸೇರಿಸಿ, ಹಳೆಯ ಟ್ಯಾಂಕನ್ನು ಬರಿದುಮಾಡಿಸಿ ಮುಚ್ಚಬೇಕು. ತೋಟದ ಮನೆಯಲ್ಲಿ ಮೊದಲು ಮಾಡಬಹುದಾದದ್ದು ಹೊರೆ ಇಳಿಸುವುದು. ಸ್ನಾನದ, ಬಟ್ಟೆ ಒಗೆದ ನೀರನ್ನು ಬೇರೆ ಮಾಡಿ ಬಾಳೆ, ಕಳಾಬಾಳೆ ಗಿಡಗಳ ಪಾತಿಗೆ ಹರಿಸಿದರೆ ಟ್ಯಾಂಕಿಗೆ ಹೋಗುವ ನೀರು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಬಿಗಿ ನೆಲಕ್ಕೆ, ಟ್ಯಾಂಕಿನ ನೀರು ಜಲ್ಲಿಯ ಪದರದ ಮೂಲಕ ಕೆಳಗಿನಿಂದ ಮೇಲಕ್ಕೆ ಏರುವ ಸೋಸುತೊಟ್ಟಿಯನ್ನು ಸಂಹಿತೆ ಸೂಚಿಸುತ್ತದೆ. ಅದರಿಂದ ಬಂದ ನೀರಿನಲ್ಲಿಯೂ ರೋಗಾಣುಗಳಿರುವುದರಿಂದ ಹಸಿಯಾಗಿ ತಿನ್ನುವ ತರಕಾರಿಗೆ ಅದನ್ನು ಹಾಯಿಸಬಾರದು.

ಇಂಗದ ಗುಂಡಿಯನ್ನು ಹಾಗೆಯೇ ಬಿಟ್ಟು ಪ್ರತಿ ತಿಂಗಳೂ ಟ್ಯಾಂಕರ್ ಕರೆಸುವವರಿದ್ದಾರೆ. ಟ್ಯಾಂಕು ಸರಿಯಾಗಿದ್ದು ನೆಲವೂ ಹೊಂದಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಗಸಿ ತೆಗೆಸಿದರೆ ಸಾಕಾಗುತ್ತದೆ. ಆ ಕೆಲಸಕ್ಕೆ ಯಂತ್ರವನ್ನೇ ಬಳಸಬೇಕು. ಒಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಆಳನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ.

ಈಗಾಗಲೇ ಬಾವಿಯ ಸಮೀಪ ಗುಂಡಿಯಿರುವ ಮನೆಯವರು ಮಳೆಗಾಲದ ನಂತರ ಒಮ್ಮೆ ನೀರನ್ನು ಪರೀಕ್ಷೆ ಮಾಡಿಸಬೇಕು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಈ ಕೋಲಿ ರೋಗಾಣು ಒಂದೂ ಇರಬಾರದು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಆರು ತಿಂಗಳೊಳಗಿನ ಶಿಶುವಿಗೆ ಅಂಥ ನೀರಿನಲ್ಲಿ ಪುಡಿಹಾಲು ಕದಡಿ ಕೊಟ್ಟರೆ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟುತ್ತದೆ. ನೈಟ್ರೇಟ್ ಮಿತಿ ಮೀರಿದ್ದರೆ ಶಿಶುವಿನ ಆಹಾರಕ್ಕೆ ಬೇರೆ ನೀರನ್ನು ಅಂದಿನಿಂದಲೇ ತರಬೇಕು.